ಚಾವಣಿಯ ರಂಧ್ರ: ನಗಿಸುವ ಕಳ್ಳರೂ ನಂಬಿಕಸ್ಥ ಗುಮಾಸ್ತರೂ

2016ರ ಆಗಸ್ಟ್ 8ರ ರಾತ್ರಿ ಸೇಲಂ ನಿಲ್ದಾಣದಿಂದ ಹೊರಟ ಚೆನ್ನೈ ಎಗ್ಮೋರ್ ಎಕ್ಸ್‌ಪ್ರೆಸ್ ಗಾಡಿಗೆ ಒಂದು ವಿಶೇಷ ಬೋಗಿಯನ್ನು ಜೋಡಿಸಲಾಗಿತ್ತು. ಅದರೊಳಗೆ 226 ಪೆಟ್ಟಿಗೆಗಳು. ಅವುಗಳಲ್ಲಿ ಸುಮಾರು 342 ಕೋಟಿ ರೂಪಾಯಿಯ ನೋಟುಗಳು. ಹಲವು ಕೈಗಳನ್ನು ದಾಟಿ ಮಾಸಿ, ಹರಿದು, ಚಲಾವಣೆಯಿಂದ ಹಿಂದಕ್ಕೆ ಬಂದು ರಿಸರ್ವ್ ಬ್ಯಾಂಕಿನ ಚೆನ್ನೈ ಕಛೇರಿಗೆ ಮರಳುತ್ತಿದ್ದ ಹಣ ಅದು. ಬೋಗಿಗೆ ಬೀಗ, ಬೀಗಕ್ಕೆ ಮೊಹರು, ಪಕ್ಕದ ಬೋಗಿಯಲ್ಲಿ ಕಾವಲಿನ ಪೊಲೀಸರು. ಮರುದಿನ ಬೆಳಿಗ್ಗೆ ಎಗ್ಮೋರಿನಲ್ಲಿ ಅಧಿಕಾರಿಗಳು ಬಂದು ಬಾಗಿಲು ತೆರೆದಾಗ ಬೀಗವೂ ಮೊಹರೂ ಹಾಗೆಯೇ ಇದ್ದವು. ಆದರೆ ಬೋಗಿಯ ಕತ್ತಲೆಯೊಳಗೆ ಮೇಲಿನಿಂದ ಬೆಳಕು ಬೀಳುತ್ತಿತ್ತು. ಚಾವಣಿಯ ತಗಡನ್ನು ಒಬ್ಬ ಮನುಷ್ಯ ಇಳಿಯುವಷ್ಟು ಅಗಲಕ್ಕೆ ಕತ್ತರಿಸಿ, ಸುಮಾರು 5.78 ಕೋಟಿ ರೂಪಾಯಿಯನ್ನು ಯಾರೋ ಒಯ್ದಿದ್ದರು.

ಆ ವಾರವೆಲ್ಲ ಚೆನ್ನೈ ನಗರದಲ್ಲಿ ಬೇರೆ ಮಾತಿರಲಿಲ್ಲ. ಉಪನಗರ ರೈಲಿನಲ್ಲಿ, ಕಛೇರಿಯ ಊಟದ ಕೋಣೆಯಲ್ಲಿ, ಮೈಲಾಪುರದ ತರಕಾರಿ ಅಂಗಡಿಯ ಮುಂದೆ ಎಲ್ಲರೂ ಇದನ್ನೇ ಆಡುತ್ತಿದ್ದರು. ನಮಗೆ ವಿಚಿತ್ರವೆನ್ನಿಸಿದ್ದು ಆ ಮಾತುಗಳ ಧಾಟಿ. ಅದರಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯನ್ನು ಹೋಲುವ ಒಂದು ಉಲ್ಲಾಸವಿತ್ತು. ಸೇಲಂನಿಂದ ವೃದ್ಧಾಚಲದವರೆಗಿನ ಹಳಿ ಆಗಿನ್ನೂ ವಿದ್ಯುದೀಕರಣಗೊಂಡಿರಲಿಲ್ಲ, ಆದ್ದರಿಂದ ಅಷ್ಟು ದೂರ ಮಾತ್ರ ಚಾವಣಿಯ ಮೇಲೆ ತಂತಿಯ ಭಯವಿಲ್ಲದೆ ಕೂರಬಹುದಿತ್ತು ಎಂಬ ಸಂಗತಿ ಹೊರಬಿದ್ದಾಗ, ನಮ್ಮ ಸಹೋದ್ಯೋಗಿಯೊಬ್ಬರು ಊಟದ ಡಬ್ಬಿ ಮುಚ್ಚುತ್ತ, ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ಹುಡುಗನ ವಿಷಯ ಹೇಳುವಂತೆ, “ಓದಿಕೊಂಡು ಬಂದಿದ್ದಾರೆ” ಎಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರಿಯಾಗಿ ಮೂರು ತಿಂಗಳಿಗೆ, ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳ ಚಲಾವಣೆ ರದ್ದಾಯಿತು. ಎರಡು ವರ್ಷಗಳ ಬಳಿಕ, 2018ರಲ್ಲಿ, ತಮಿಳುನಾಡಿನ ಅಪರಾಧ ವಿಭಾಗದ ಪೊಲೀಸರು ಮಧ್ಯಪ್ರದೇಶದ ಒಂದು ತಂಡವನ್ನು ಬಂಧಿಸಿದಾಗ ಪತ್ರಿಕೆಗಳಲ್ಲಿ ಬಂದ ವರದಿಯ ಪ್ರಕಾರ, ಕದ್ದ ಹಣದ ದೊಡ್ಡ ಭಾಗವನ್ನು ಖರ್ಚು ಮಾಡುವ ಮೊದಲೇ ಅದು ಬರಿಯ ಕಾಗದವಾಗಿತ್ತು. ಈ ಸುದ್ದಿ ಓದಿದಾಗ ನಮಗೆ ತಡೆಯಲಾಗದ ನಗು ಬಂತು. ಈ ಮುಕ್ತಾಯವನ್ನು ನಾವು ಮೊದಲೇ ಎಲ್ಲಿಯೋ ನೋಡಿದ್ದೆವು. ಇಂಗ್ಲೆಂಡಿನ ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ, ಇದೇ ಬಗೆಯ ಜಾಣರು, ಇದೇ ಬಗೆಯ ಸಿದ್ಧತೆಯಿಂದ, ಇದೇ ಬಗೆಯಲ್ಲಿ ಕೈ ಬರಿದು ಮಾಡಿಕೊಂಡಿದ್ದರು. ಆ ಚಿತ್ರಗಳು ಹುಟ್ಟಿದ್ದು ಯಾವ ಕಾಲದಲ್ಲಿ, ಅವುಗಳ ಕಳ್ಳರನ್ನು ಕಂಡರೆ ನಮ್ಮಂಥವರಿಗೆ ಏಕೆ ಅಷ್ಟು ಅಕ್ಕರೆ, ಆ ಅಕ್ಕರೆಯಲ್ಲಿ ಏನು ತಪ್ಪಿಹೋಗುತ್ತದೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಎಂ.ಎ. ತರಗತಿಯಲ್ಲಿ ನಾವು ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗ, ಪ್ರಹಸನದ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರೊಬ್ಬರು ಪುಸ್ತಕ ಮುಚ್ಚಿಟ್ಟು, ಒಂದು ಮಧ್ಯಾಹ್ನ ವಿಡಿಯೊ ಕ್ಯಾಸೆಟ್ಟಿನಲ್ಲಿ ‘ದ ಲ್ಯಾವೆಂಡರ್ ಹಿಲ್ ಮಾಬ್’ ಚಿತ್ರವನ್ನು ತೋರಿಸಿದರು. 1951ರಲ್ಲಿ ಲಂಡನ್ನಿನ ಈಲಿಂಗ್ ಸ್ಟುಡಿಯೊ ತಯಾರಿಸಿದ ಚಿತ್ರ. ನಿರ್ದೇಶಕ ಚಾರ್ಲ್ಸ್ ಕ್ರೈಟನ್, ಚಿತ್ರಕಥೆ ಟಿ.ಇ.ಬಿ. ಕ್ಲಾರ್ಕ್ ಅವರದು. ಕಥಾನಾಯಕ ಹಾಲೆಂಡ್ ಎಂಬ ಬ್ಯಾಂಕ್ ನೌಕರ. ಕರಗಿಸಿದ ಚಿನ್ನದ ಗಟ್ಟಿಗಳನ್ನು ಕಾರ್ಖಾನೆಯಿಂದ ಬ್ಯಾಂಕಿಗೆ ವ್ಯಾನಿನಲ್ಲಿ ತರುವಾಗ ಜೊತೆಗೆ ಕುಳಿತು ಬರುವುದೇ ಅವನ ಕೆಲಸ. ಹಿಂದೆ ಯಾವುದೋ ಕಾರು ಬಂದರೂ ಸಾಕು, ಸಂಶಯಪಟ್ಟು ಗಡಿಬಿಡಿ ಮಾಡುವ ಪುಕ್ಕಲ ಎಂದು ಸಹೋದ್ಯೋಗಿಗಳ ನಗೆಪಾಟಲಿಗೆ ಗುರಿಯಾದವನು. ಅವನು ಪ್ರಾಮಾಣಿಕ, ಆದರೆ ಕಲ್ಪನಾಶಕ್ತಿ ಇಲ್ಲದವನು ಎಂದು ಮೇಲಧಿಕಾರಿಗಳ ಅಭಿಪ್ರಾಯ. ಆ ಪುಕ್ಕಲುತನ ಮತ್ತು ಆ ಮಂಕುತನ ಎರಡನ್ನೂ ಅವನು ಸುಮಾರು ಇಪ್ಪತ್ತು ವರ್ಷ ಉಡುಪಿನಂತೆ ತೊಟ್ಟಿದ್ದಾನೆ. ಕದಿಯುವುದು ಅವನಿಗೆ ಕಷ್ಟವಲ್ಲ. ಕದ್ದ ಚಿನ್ನವನ್ನು ದೇಶದ ಹೊರಗೆ ಸಾಗಿಸುವ ಬಗೆ ಮಾತ್ರ ಹೊಳೆದಿಲ್ಲ.

ಅವನ ವಸತಿಗೃಹಕ್ಕೆ ಪೆಂಡಲ್‌ಬರಿ ಎಂಬ ಮತ್ತೊಬ್ಬ ಬರುತ್ತಾನೆ. ಪ್ರವಾಸಿಗರಿಗೆ ಮಾರುವ ಸೀಸದ ಐಫೆಲ್ ಗೋಪುರಗಳನ್ನು ಎರಕ ಹೊಯ್ಯುವುದು ಅವನ ಉದ್ಯಮ. ಸೀಸದ ಬದಲು ಚಿನ್ನ ಹೊಯ್ದರೆ? ಇಷ್ಟೇ ಕಥೆಯ ಬೀಜ. ತಂಡಕ್ಕೆ ಅನುಭವಿ ಕಳ್ಳರು ಬೇಕು. ಸಭ್ಯರಿಗೆ ಕಳ್ಳರ ಪರಿಚಯವೆಲ್ಲಿ? ಅದಕ್ಕೆ ಈ ಇಬ್ಬರು ನೆಲದಡಿಯ ರೈಲಿನ ಜನಸಂದಣಿಯಲ್ಲಿ ನಿಂತು, ತಮ್ಮ ಕಾರ್ಖಾನೆಯ ತಿಜೋರಿ ಕೆಟ್ಟಿದೆ ಎಂದು ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರೆ. ರಾತ್ರಿ ಕಾರ್ಖಾನೆಯಲ್ಲಿ ಕಾದು ಕೂತರೆ ಕಳ್ಳರು ತಾವಾಗಿ ಬಂದು ಬೀಳುತ್ತಾರೆ. ಚಿನ್ನ ಪ್ಯಾರಿಸಿಗೆ ಹೋಗುತ್ತದೆ. ಅಲ್ಲಿ ಅಂಗಡಿಯವಳ ಒಂದು ಸಣ್ಣ ತಪ್ಪಿನಿಂದ ಆರು ಚಿನ್ನದ ಗೋಪುರಗಳು ಇಂಗ್ಲೆಂಡಿನ ಶಾಲಾ ಬಾಲಕಿಯರ ಕೈ ಸೇರುತ್ತವೆ. ಇಡೀ ಯೋಜನೆ ಹೀಗೆ ಮಕ್ಕಳ ಆಟಿಕೆಯೊಂದರ ಬೆನ್ನು ಹತ್ತಿ ಓಡುವ ಓಟವಾಗಿ ಪರಿಣಮಿಸುತ್ತದೆ. ಚಿತ್ರಕಥೆ ಬರೆಯುವಾಗ ಕ್ಲಾರ್ಕ್ ನೇರವಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿಗೇ ಹೋಗಿ, ನಿಮ್ಮ ಚಿನ್ನ ಕದಿಯುವುದು ಹೇಗೆ ಎಂದು ಸಲಹೆ ಕೇಳಿದ್ದರೆಂಬುದು ಆ ಸ್ಟುಡಿಯೊದ ಪ್ರಸಿದ್ಧ ಕಥೆಗಳಲ್ಲೊಂದು. ಆ ಚಿತ್ರಕಥೆಗೆ ಅವರಿಗೆ ಆಸ್ಕರ್ ಪ್ರಶಸ್ತಿ ಬಂತು.

ಈ ಚಿತ್ರದ ನಗು ಅರ್ಥವಾಗಬೇಕಾದರೆ 1951ರ ಇಂಗ್ಲೆಂಡನ್ನು ನೆನೆಯಬೇಕು. ಯುದ್ಧ ಗೆದ್ದು ಆರು ವರ್ಷ ಕಳೆದಿದ್ದರೂ ಅಲ್ಲಿ ಪಡಿತರ ಚೀಟಿ ಹೋಗಿರಲಿಲ್ಲ; ಮಾಂಸದ ಮೇಲಿನ ಕೊನೆಯ ನಿಯಂತ್ರಣ ತೆಗೆದದ್ದು 1954ರ ಜುಲೈಯಲ್ಲಿ. ಬ್ಯಾಂಕ್ ಆಫ್ ಇಂಗ್ಲೆಂಡ್ 1946ರಲ್ಲಿ, ರೈಲು 1948ರಲ್ಲಿ ರಾಷ್ಟ್ರೀಕರಣಗೊಂಡಿದ್ದವು. ಎಲ್ಲೆಲ್ಲೂ ನಮೂನೆ, ಪರವಾನಗಿ, ಸರತಿಯ ಸಾಲು. ಯುದ್ಧಕಾಲದಲ್ಲಿ ದೇಶಕ್ಕಾಗಿ ಸಹಿಸಿದ ಶಿಸ್ತು ಶಾಂತಿಕಾಲದಲ್ಲಿಯೂ ಮುಗಿಯದಿದ್ದಾಗ, ಒಳ್ಳೆಯ ನಾಗರಿಕನ ಮನಸ್ಸಿನಲ್ಲಿ ಒಂದು ಸಣ್ಣ ದಂಗೆ ಏಳುತ್ತದೆ. ಮೈಕೇಲ್ ಬಾಲ್ಕನ್ ಅವರ ಮುಂದಾಳ್ತನದ ಈಲಿಂಗ್ ಸ್ಟುಡಿಯೊ ಆ ದಂಗೆಗೆ ನಗುವಿನ ರೂಪ ಕೊಟ್ಟಿತು. ಇದು ಮದರಾಸಿನವರಿಗೂ ತಿಳಿಯದ ಅನುಭವವಲ್ಲ. ಅದೇ ಕಾಲದಲ್ಲಿ ಇಲ್ಲಿಯೂ ಅಕ್ಕಿಗೆ ಪಡಿತರವಿತ್ತು. 1952ರಲ್ಲಿ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಆ ನಿಯಂತ್ರಣ ತೆಗೆದಾಗ ಜನ ಬಿಟ್ಟ ನಿಟ್ಟುಸಿರನ್ನು ಇಲ್ಲಿಯ ಹಿರಿಯರು ಬಹಳ ಕಾಲ ಹೇಳಿಕೊಳ್ಳುತ್ತಿದ್ದರು.

ಈ ಸಾಲಿನ ಮುಂದಿನ ಚಿತ್ರಗಳಲ್ಲಿ ಆ ನಗು ಕಪ್ಪಾಗುತ್ತ ಹೋಯಿತು. 1955ರ ‘ದ ಲೇಡಿಕಿಲ್ಲರ್ಸ್’ ಅಲೆಕ್ಸಾಂಡರ್ ಮೆಕೆಂಡ್ರಿಕ್ ನಿರ್ದೇಶಿಸಿದ್ದು. ಐವರು ದರೋಡೆಕೋರರು ಸಂಗೀತಗಾರರ ವೇಷದಲ್ಲಿ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿಯ ಒಬ್ಬ ಮುದುಕಿಯ ಮನೆಯಲ್ಲಿ ಕೋಣೆ ಹಿಡಿಯುತ್ತಾರೆ. ಗ್ರಾಮಫೋನು ಹಾಡುತ್ತಿರುತ್ತದೆ, ಒಳಗೆ ಸಂಚು ನಡೆಯುತ್ತಿರುತ್ತದೆ. ಕದ್ದ ಹಣದ ಪೆಟ್ಟಿಗೆಯನ್ನು ನಿಲ್ದಾಣದಿಂದ ತರುವವಳೂ ಆ ಮುದುಕಿಯೇ, ಏನೂ ಅರಿಯದೆ. ಅವಳಿಗೆ ನಿಜ ತಿಳಿದಾಗ ಅವಳನ್ನು ಮುಗಿಸಬೇಕೆಂದು ಹೊರಟ ಐವರಲ್ಲಿ ಒಬ್ಬನಿಗೂ ಆ ಕೈ ಬರುವುದಿಲ್ಲ. ಒಬ್ಬರನ್ನೊಬ್ಬರು ಕೊಂದುಕೊಂಡು, ಒಬ್ಬೊಬ್ಬರಾಗಿ ಕೆಳಗಿನ ಗೂಡ್ಸ್ ಗಾಡಿಯ ಪಾಲಾಗುತ್ತಾರೆ. ಅವಳು ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿದರೆ, ಮುದುಕಿಯ ಇನ್ನೊಂದು ಕಟ್ಟುಕಥೆ ಎಂದುಕೊಂಡ ಅಧಿಕಾರಿ, ಹಣ ನೀವೇ ಇಟ್ಟುಕೊಳ್ಳಿ ಎಂದು ಕಳಿಸುತ್ತಾನೆ. ಆ ಪಾತ್ರ ಮಾಡಿದ ಕೇಟಿ ಜಾನ್ಸನ್ ತಮ್ಮ ಇಳಿವಯಸ್ಸಿನಲ್ಲಿ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಪಡೆದರು. ಅದೇ ವರ್ಷ ಈಲಿಂಗ್ ಸ್ಟುಡಿಯೊದ ಕಟ್ಟಡ ಬಿ.ಬಿ.ಸಿ.ಗೆ ಮಾರಾಟವಾಯಿತು.

1960ರ ‘ದ ಲೀಗ್ ಆಫ್ ಜಂಟಲ್‌ಮನ್’ ಚಿತ್ರದಲ್ಲಿ ಕಳ್ಳರು ಯುದ್ಧದ ಹಳೆಯ ಸೇನಾಧಿಕಾರಿಗಳು. ದೇಶಕ್ಕೆ ಬೇಡವಾದ ಒಬ್ಬ ಕರ್ನಲ್, ತನ್ನಂತೆಯೇ ದಾರಿ ತಪ್ಪಿದ ಏಳು ಮಂದಿಯನ್ನು ಕೂಡಿಸಿ, ಸೈನ್ಯದ ಶಿಸ್ತಿನಿಂದಲೇ ಬ್ಯಾಂಕ್ ದೋಚುತ್ತಾನೆ. ಅವರನ್ನು ಹಿಡಿಸುವುದು ಪತ್ತೇದಾರನಲ್ಲ. ದಾರಿಯಲ್ಲಿ ನಿಂತು ಕಾರುಗಳ ನಂಬರು ಬರೆದುಕೊಳ್ಳುವ ಹವ್ಯಾಸದ ಒಬ್ಬ ಪುಟ್ಟ ಹುಡುಗ. 1969ರ ‘ದ ಇಟಾಲಿಯನ್ ಜಾಬ್’ ಹೊತ್ತಿಗೆ ಬಣ್ಣ ಬಂತು, ಮಿನಿ ಕಾರುಗಳು ಬಂದವು, ಟ್ಯೂರಿನ್ ನಗರದ ಸಂಚಾರವನ್ನೇ ಗಂಟು ಹಾಕಿ ಚಿನ್ನ ಹೊತ್ತೊಯ್ಯುವ ಠೀವಿ ಬಂತು. ಆದರೂ ಕೊನೆಯಲ್ಲಿ ಬಸ್ಸು ಪ್ರಪಾತದ ಅಂಚಿನಲ್ಲಿ ತೂಗುತ್ತಿರುತ್ತದೆ. ಒಂದು ತುದಿಯಲ್ಲಿ ಮನುಷ್ಯರು, ಇನ್ನೊಂದು ತುದಿಯಲ್ಲಿ ಚಿನ್ನ. ಮುಂದಡಿ ಇಟ್ಟರೆ ಇಬ್ಬರೂ ಉಳಿಯುವುದಿಲ್ಲ.

ಈ ನಾಲ್ಕು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳ ಕಟ್ಟು ಸ್ಪಷ್ಟವಾಗುತ್ತದೆ. ಕಳವಿಗೆ ಗುರಿಯಾಗುವುದು ಒಬ್ಬ ಮನುಷ್ಯನಲ್ಲ, ಒಂದು ಸಂಸ್ಥೆ. ಆದ್ದರಿಂದ ನಮ್ಮ ಮರುಕ ಅತ್ತ ಹರಿಯದು. ಕಳ್ಳರು ವೃತ್ತಿಯವರಿಗಿಂತ ಹೆಚ್ಚಾಗಿ ನಮ್ಮ ನೆರೆಹೊರೆಯವರಂತೆ ಇರುವವರು. ಯೋಜನೆಯಲ್ಲಿ ದೋಷವಿಲ್ಲ, ಜಗತ್ತಿನಲ್ಲಿ ಇದೆ. ದೊಡ್ಡ ಲೆಕ್ಕಾಚಾರವನ್ನು ಒಂದು ಮಗು, ಒಬ್ಬ ಮುದುಕಿ, ಅಂಗಡಿಯವಳ ಒಂದು ತಪ್ಪು ಮುರಿಯುತ್ತದೆ. ಅಪರಾಧಕ್ಕೆ ಫಲ ಸಿಗಕೂಡದು ಎಂಬ ಆ ಕಾಲದ ಸೆನ್ಸಾರಿನ ಒತ್ತಾಯವೂ ಇದರ ಹಿಂದೆ ಇತ್ತು. ಆದರೆ ಒಳ್ಳೆಯ ಬರಹಗಾರರು ಆ ಒತ್ತಾಯವನ್ನೇ ಕಲೆಯಾಗಿಸಿಕೊಂಡರು. ಹಾಲೆಂಡ್ ರಿಯೊ ನಗರದ ಹೋಟೆಲಿನಲ್ಲಿ ಕುಳಿತು ತನ್ನ ಕಥೆಯನ್ನು ಸುಖವಾಗಿ ಹೇಳುತ್ತಾನೆ. ಎದ್ದು ನಿಂತಾಗಲೇ ತಿಳಿಯುವುದು, ಕೇಳುತ್ತಿದ್ದವನಿಗೂ ಅವನಿಗೂ ನಡುವೆ ಒಂದು ಕೈಕೋಳವಿದೆ ಎಂದು. ಶಿಕ್ಷೆ ಬಂತು, ಆದರೆ ಒಂದು ವರ್ಷದ ಸುಖದ ಬಳಿಕ, ಕಥೆಯೆಲ್ಲ ಹೇಳಿ ಮುಗಿಸಿದ ಬಳಿಕ ಬಂತು.

ಇಂಥ ಕಳ್ಳನನ್ನು ಕಂಡು ನಗುವುದನ್ನು ನಾವು ಇಂಗ್ಲಿಷರಿಂದ ಕಲಿಯಬೇಕಾಗಿರಲಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಬಡ ಚಾರುದತ್ತನ ಮನೆಗೆ ಕನ್ನ ಹಾಕುವ ಮೊದಲು, ರಂಧ್ರ ಯಾವ ಆಕಾರದಲ್ಲಿರಬೇಕು ಎಂದು ಶಿಲ್ಪಿಯಂತೆ ಯೋಚಿಸುತ್ತಾನೆ, ಅಳತೆಯ ದಾರ ಮರೆತು ಬಂದದ್ದಕ್ಕೆ ಜನಿವಾರದಿಂದ ಅಳೆಯುತ್ತಾನೆ. ಬೆಳಗಾದ ಮೇಲೆ ಚಾರುದತ್ತ ಆ ಕನ್ನದ ಅಂದವನ್ನು ಮೆಚ್ಚಿ, ತನ್ನ ಮನೆಗೆ ಬಂದ ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ಸಮಾಧಾನಪಡುತ್ತಾನೆ. ಗಿರೀಶ ಕಾರ್ನಾಡರು 1984ರಲ್ಲಿ ಈ ನಾಟಕವನ್ನು ಆಧರಿಸಿ ‘ಉತ್ಸವ್’ ಚಿತ್ರ ಮಾಡಿದಾಗ ಆ ಕಳ್ಳನ ಪಾತ್ರವನ್ನು ಶಂಕರ್ ನಾಗ್ ಅವರಿಗೆ ಕೊಟ್ಟರು. ಅದಕ್ಕಿಂತ ತಕ್ಕ ಆಯ್ಕೆ ನಮಗೆ ತೋರುವುದಿಲ್ಲ.

ಕನ್ನಡದಲ್ಲಿಯಂತೂ ಈ ಕಥೆ ಗದ್ಯದಷ್ಟೇ ಹಳೆಯದು. ಸುಮಾರು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಅವನು ರಾಜಕುಮಾರ, ಯಮದಂಡ ತಳಾರನ ಮಗ. ಒಬ್ಬನೇ ಗುರುವಿನ ಬಳಿ ಓದಿದ ಈ ಗೆಳೆಯರಲ್ಲಿ ಒಬ್ಬ ಕಳವಿನ ವಿದ್ಯೆಯನ್ನೂ ಮತ್ತೊಬ್ಬ ಕಳ್ಳರನ್ನು ಹಿಡಿಯುವ ವಿದ್ಯೆಯನ್ನೂ ಕಲಿಯುತ್ತಾರೆ. ನೀನು ಕಾಯುವ ಊರಿಗೇ ಬಂದು ಕದಿಯುತ್ತೇನೆ ಎಂಬ ಮಾತು ಅವರ ನಡುವೆ ಬೆಳೆಯುತ್ತದೆ. ಮುಂದೆ ಯಮದಂಡ ದೂರದ ಮಿಥಿಲೆಯಲ್ಲಿ ತಳಾರನಾದಾಗ ವಿದ್ಯುಚ್ಚೋರ ಅಲ್ಲಿಗೂ ಬರುತ್ತಾನೆ. ಹಗಲು ಕುಷ್ಠರೋಗಿಯ ವೇಷದಲ್ಲಿ ಗುಡಿಯಲ್ಲಿ ಬಿದ್ದಿದ್ದು, ರಾತ್ರಿ ರಾಜನ ಹಾರವನ್ನೇ ಕದಿಯುತ್ತಾನೆ. ತಳಾರನಿಗೆ ಏಳು ದಿನದ ಗಡುವು. ಕೊನೆಗೆ ಅವನು ಆ ರೋಗಿಯನ್ನೇ ಹಿಡಿದು ತಂದು, ರಾತ್ರಿಯೆಲ್ಲ ದಂಡಿಸಿದರೂ ಕಳ್ಳ ಬಾಯಿ ಬಿಡುವುದಿಲ್ಲ. ಗೆಳೆಯನ ಪ್ರಾಣಕ್ಕೆ ಸಂಚಕಾರ ಬಂದ ಮೇಲಷ್ಟೇ ರಾಜನಿಂದ ಅಭಯ ಪಡೆದು, ತಳಾರ ಹೇಳಿದ್ದು ನಿಜ, ಕಳ್ಳ ನಾನೇ ಎಂದು ಒಪ್ಪಿಕೊಳ್ಳುತ್ತಾನೆ. ಇದು ಧರ್ಮಕಥೆ, ವಿದ್ಯುಚ್ಚೋರ ಕೊನೆಗೆ ಮುನಿಯಾಗಿ ಘೋರ ಉಪಸರ್ಗವನ್ನು ಸಹಿಸುತ್ತಾನೆ. ಆದರೆ ಆ ಧರ್ಮದ ಬಾಗಿಲಿಗೆ ಹೋಗುವ ದಾರಿಯುದ್ದಕ್ಕೂ ಕಥೆಗಾರ ಕಳವಿನ ಸೊಗಸನ್ನು ಸವಿಯುತ್ತ ಹೋಗಿದ್ದಾನೆ. ಚಾಪೆಯ ಕೆಳಗೆ ತೂರುವವನೂ ರಂಗೋಲಿಯ ಕೆಳಗೆ ತೂರುವವನೂ ಒಂದೇ ಮಠದಲ್ಲಿ ಓದಿದವರು ಎಂಬ ತಿಳಿವು ಅಂದಿಗೇ ನಮ್ಮವರಿಗಿತ್ತು.

ಮದರಾಸಿನೊಂದಿಗೆ ಹೆಣೆದುಕೊಂಡ ಇನ್ನೊಂದು ಉದಾಹರಣೆ ಇದೆ. ಕಾರ್ನಾಡರು ಆಕ್ಸ್‌ಫರ್ಡಿನಿಂದ ಹಿಂದಿರುಗಿ 1963ರಿಂದ 1970ರವರೆಗೆ ಈ ಊರಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸದಲ್ಲಿದ್ದರು. ಅವರ ‘ತುಘಲಕ್’ 1964ರಲ್ಲಿ ಪ್ರಕಟವಾಯಿತು. ಆ ನಾಟಕವನ್ನು ಆದರ್ಶವಾದಿ ದೊರೆಯ ದುರಂತವೆಂದು ನಾವೆಲ್ಲ ಓದಿದ್ದೇವೆ. ಆದರೆ ಅದರ ಬೆನ್ನಿಗೆ ಅಂಟಿಕೊಂಡೇ ಒಂದು ಕಳ್ಳರ ಪ್ರಹಸನ ನಡೆಯುತ್ತದೆ. ಸುಲ್ತಾನನ ಮೇಲೂ ಪ್ರಜೆ ದಾವೆ ಹೂಡಬಹುದು ಎಂಬ ಘೋಷಣೆ ಹೊರಟ ಕೂಡಲೇ ಅಗಸರ ಅಜೀಜ ಬ್ರಾಹ್ಮಣನ ವೇಷದಲ್ಲಿ ದಾವೆ ಗೆದ್ದು, ಬೆಳ್ಳಿ ನಾಣ್ಯವನ್ನೂ ಸರ್ಕಾರಿ ನೌಕರಿಯನ್ನೂ ಪಡೆಯುತ್ತಾನೆ. ತಾಮ್ರದ ನಾಣ್ಯ ಬೆಳ್ಳಿಗೆ ಸಮ ಎಂದ ಕೂಡಲೇ ಖೋಟಾ ನಾಣ್ಯದ ಕೆಲಸಕ್ಕೆ ಕೈ ಹಾಕುತ್ತಾನೆ. ದೊರೆಯ ಪ್ರತಿಯೊಂದು ಸುಧಾರಣೆಯೂ ಅವನಿಗೆ ಹೊಸ ಕನ್ನ. ಕೊನೆಗೆ ಖೋಟಾ ನಾಣ್ಯಗಳ ರಾಶಿ ಅರಮನೆಯ ಗುಲಾಬಿ ತೋಟದಲ್ಲಿ ಬಿದ್ದಿರುತ್ತದೆ. ಅಜೀಜನಿಗೆ ಕ್ಷಮೆಯೂ ಅಧಿಕಾರವೂ ಸಿಗುತ್ತವೆ. ಹಣವೆಂಬುದು ಲೋಹವಲ್ಲ, ಕಾಗದವಲ್ಲ, ಒಂದು ಮಾತು. ಆ ಮಾತು ಹಿಂತೆಗೆದುಕೊಂಡ ದಿನ ಕಳ್ಳನೂ ಸಾಹುಕಾರನೂ ಒಂದೇ ಎಂಬುದನ್ನು ಆ ತೋಟ ಹೇಳುತ್ತದೆ. 2016ರ ನವೆಂಬರಿನಲ್ಲಿ ಬ್ಯಾಂಕಿನ ಸರತಿಯಲ್ಲಿ ನಿಂತಿದ್ದಾಗ ನಮಗೆ ನೆನಪಾದದ್ದು ಈ ನಾಟಕವೇ.

ಪುರಸವಾಕ್ಕದಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ಆರ್.ಕೆ. ನಾರಾಯಣರೂ ಈ ಸಾಲಿಗೆ ಸೇರುತ್ತಾರೆ. ಜೇಬುಗಳ್ಳನೊಬ್ಬ ಕದಿಯುವಾಗ ಸಿಕ್ಕಿಬೀಳದೆ, ಮನ ಕರಗಿ ಪರ್ಸನ್ನು ಹಿಂದಕ್ಕೆ ಇಡುವಾಗ ಸಿಕ್ಕಿಬೀಳುವ ಅವರ ಕಥೆ ಈಲಿಂಗಿನ ಯಾವ ಚಿತ್ರಕ್ಕೂ ಕಡಿಮೆಯದಲ್ಲ. ಬ್ಯಾಂಕಿನ ಎದುರು ಆಲದ ಮರದಡಿ ಪೆಟ್ಟಿಗೆ ಇಟ್ಟು ಕೂರುವ ಅವರ ಮಾರ್ಗಯ್ಯ 1952ರಲ್ಲಿ, ಹಾಲೆಂಡನ ಮರುವರ್ಷವೇ, ಹುಟ್ಟಿದವನು. 1983ರಲ್ಲಿ ನಾಗಾಭರಣರ ‘ಬ್ಯಾಂಕರ್ ಮಾರ್ಗಯ್ಯ’ದಲ್ಲಿ ಲೋಕೇಶ್ ಅವನಿಗೆ ಕನ್ನಡದ ಮೈ ಕೊಟ್ಟರು. ಕೋಡಂಬಾಕ್ಕದ ಸ್ಟುಡಿಯೊಗಳಲ್ಲಿ ತಮಿಳು, ಕನ್ನಡ ಚಿತ್ರಗಳು ಅಕ್ಕಪಕ್ಕದ ಅಂಕಣಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿಯೇ, 1972ರಲ್ಲಿ, ಎ.ವಿ.ಎಂ. ಸಂಸ್ಥೆ ಚಿತ್ರಾಲಯ ಗೋಪು ಅವರ ‘ಕಾಸೇದಾನ್ ಕಡವುಳಡಾ’ ತೆಗೆಯಿತು. ಜಿಪುಣಿ ಮಲತಾಯಿಯ ತಿಜೋರಿಗೆ ಕನ್ನ ಹಾಕಲು ಮಕ್ಕಳು ಚಹದ ಅಂಗಡಿಯವನಿಗೆ ಸ್ವಾಮಿಯ ವೇಷ ಹಾಕಿಸಿ ಮನೆಗೆ ಕರೆತರುವ ಕಥೆ. ತೇಂಗಾಯ್ ಶ್ರೀನಿವಾಸನ್ ಅವರ ಆ ಸ್ವಾಮಿಯನ್ನು ಚೆನ್ನೈ ಇಂದಿಗೂ ಮರೆತಿಲ್ಲ. ಅಲ್ಲಿ ಸಂಗೀತಗಾರರ ವೇಷ, ಇಲ್ಲಿ ಸ್ವಾಮಿಯ ವೇಷ. ಯಾವ ಸಮಾಜ ಯಾರನ್ನು ಪ್ರಶ್ನಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು ಅದರ ಕಳ್ಳರ ವೇಷ ನೋಡಿ ತಿಳಿಯಬಹುದು.

ಇನ್ನು ನಮ್ಮ ಮಾತು. ನಾವು ಕೇಂದ್ರ ಸರ್ಕಾರದ ಕಛೇರಿಯೊಂದರಲ್ಲಿ ಎರಡು ದಶಕಗಳ ಸಮೀಪ ಕಡತ ಸಾಗಿಸುತ್ತ ಬಂದವರು. ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ, ಸರ್ದಾರ್ ಪಟೇಲರ ಜನ್ಮದಿನದ ಸುಮಾರಿಗೆ, ಜಾಗೃತಿ ಅರಿವು ಸಪ್ತಾಹ ಬರುತ್ತದೆ. ಕೈ ಮುಂದೆ ಚಾಚಿ ಪ್ರಾಮಾಣಿಕತೆಯ ಪ್ರತಿಜ್ಞೆ ಮಾಡುತ್ತೇವೆ. ಅಂಥ ಒಂದು ದಿನದ ರಾತ್ರಿಯೇ ಮನೆಯಲ್ಲಿ ಕುಳಿತು ಹಾಲೆಂಡನ ಕಥೆಯನ್ನು ಮತ್ತೊಮ್ಮೆ ನೋಡಿದೆವು. ವಿರೋಧಾಭಾಸ ಕಂಡು ನಕ್ಕೆವು. ಆದರೆ ಅದು ವಿರೋಧಾಭಾಸವಲ್ಲ ಎಂದು ಈಗ ಅನ್ನಿಸುತ್ತದೆ. ಬೇರೆಯವರ ಹಣವನ್ನು ದಿನವೂ ಎಣಿಸುವವನಿಗೆ ಮಾತ್ರ ಆ ಚಿತ್ರದ ಪೂರ್ಣ ರುಚಿ ಸಿಗುತ್ತದೆ. ಹಾಲೆಂಡನ ಅಪರಾಧ ನಮಗೆ ಪ್ರಿಯವಲ್ಲ, ಪ್ರಿಯವಾದದ್ದು ಬೇರೆ. ಮೇಲಧಿಕಾರಿಗಳು ಕಲ್ಪನಾಶಕ್ತಿ ಇಲ್ಲದವನೆಂದು ತೀರ್ಮಾನಿಸಿದ ಮನುಷ್ಯನೊಳಗೆ ಒಂದು ಇಡೀ ಲೋಕ ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು ಎಂಬ ಸಂಗತಿ ಅದು.

ನಾವು ಸೇವೆಗೆ ಸೇರಿದ ಹೊಸತರಲ್ಲಿ ಕೆಲವು ಸಿಬ್ಬಂದಿಗೆ ಸಂಬಳ ಇನ್ನೂ ನಗದಾಗಿಯೇ ಬಟವಾಡೆಯಾಗುತ್ತಿತ್ತು. ನಗದು ಗುಮಾಸ್ತರು ಒಬ್ಬ ಜವಾನನನ್ನು ಜೊತೆಗಿಟ್ಟುಕೊಂಡು, ಆಟೊದಲ್ಲಿ ಬ್ಯಾಂಕಿಗೆ ಹೋಗಿ, ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಹಣ ತರುತ್ತಿದ್ದರು. ಒಂದು ತಿಂಗಳ ಕೊನೆಯಲ್ಲಿ ಲೆಕ್ಕದಲ್ಲಿ ಐನೂರು ರೂಪಾಯಿ ಕಡಿಮೆ ಬಿತ್ತು. ಅವರು ಮೂರು ಸಲ ಎಣಿಸಿದರು, ರಾತ್ರಿ ಎಂಟಾಯಿತು, ತಮ್ಮ ಜೇಬಿನಿಂದ ಐನೂರರ ಒಂದು ನೋಟು ತೆಗೆದು ಇಟ್ಟು ಪುಸ್ತಕ ಮುಚ್ಚಿದರು. ಮರುದಿನ ಬೆಳಿಗ್ಗೆ ಹೊಸ ನೋಟೊಂದು ಇನ್ನೊಂದಕ್ಕೆ ಅಂಟಿಕೊಂಡು ತನ್ನ ಲಕೋಟೆಯೊಳಗೆ ಬಂದಿತ್ತೆಂದು ಕಾವಲುಗಾರ ತಂದುಕೊಟ್ಟ. ಇಬ್ಬರೂ ಒಂದು ಮಾತೂ ಹೆಚ್ಚು ಆಡಲಿಲ್ಲ. ನಾವು ಅವರನ್ನು ಒಮ್ಮೆ, ಪೆಟ್ಟಿಗೆ ತರುವಾಗ ಎಂದಾದರೂ ಬೇರೆ ಯೋಚನೆ ಬಂದದ್ದಿದೆಯೇ ಎಂದು ಕೇಳಿದ್ದೆವು. “ಪ್ರತಿ ತಿಂಗಳೂ ಬರುತ್ತದೆ, ಆಟೊ ಸಿಗ್ನಲ್ಲಿನಲ್ಲಿ ನಿಂತಾಗ” ಎಂದು ನಕ್ಕರು.

ಅವರು ನಿವೃತ್ತರಾದ ಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಅವರಿಗೆ ‘ಲ್ಯಾವೆಂಡರ್ ಹಿಲ್’ ತೋರಿಸಿದೆವು. ಐಫೆಲ್ ಗೋಪುರದ ಸುರುಳಿ ಮೆಟ್ಟಿಲಲ್ಲಿ ಇಬ್ಬರೂ ತಲೆ ತಿರುಗಿ ಓಡುವಾಗ ಅವರು ಮಗುವಿನಂತೆ ನಕ್ಕರು. ಚಿತ್ರ ಮುಗಿದು, ಕಾಫಿ ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದರು: “ಆ ವ್ಯಾನಿನಲ್ಲಿದ್ದ ಉಳಿದವರು? ಅವರ ಕೆಲಸ ಉಳಿಯಿತೋ?” ನಮಗೆ ಉತ್ತರ ತಿಳಿದಿರಲಿಲ್ಲ. ಅಷ್ಟು ಸಲ ನೋಡಿದ್ದರೂ ಆ ಪ್ರಶ್ನೆ ನಮಗೆ ಒಮ್ಮೆಯೂ ಹುಟ್ಟಿರಲಿಲ್ಲ.

ಆ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಸೇಲಂ ಗಾಡಿ ಹೊರಟ ದಿನಕ್ಕೆ ಸರಿಯಾಗಿ 53 ವರ್ಷ ಹಿಂದೆ, 1963ರ ಆಗಸ್ಟ್ 8ರ ನಸುಕಿನಲ್ಲಿ, ಗ್ಲಾಸ್ಗೊದಿಂದ ಲಂಡನ್ನಿಗೆ ಬರುತ್ತಿದ್ದ ಅಂಚೆ ರೈಲನ್ನು ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಒಂದು ತಂಡ ತಡೆಯಿತು. ಹಸಿರು ದೀಪಕ್ಕೆ ಕೈಗವಸು ಮುಚ್ಚಿ, ಬ್ಯಾಟರಿಯಿಂದ ಕೆಂಪು ದೀಪ ಹೊತ್ತಿಸಿ ಗಾಡಿ ನಿಲ್ಲಿಸಿದ್ದು. ಸುಮಾರು 26 ಲಕ್ಷ ಪೌಂಡ್ ಒಯ್ದದ್ದು. ಅಡಗಿದ್ದ ತೋಟದ ಮನೆಯಲ್ಲಿ ಆಡಿದ ಮೊನೊಪೊಲಿ ಆಟದ ಹಲಗೆಯ ಮೇಲೆ ಬೆರಳಚ್ಚು ಬಿಟ್ಟು ಸಿಕ್ಕಿಬಿದ್ದದ್ದು: ಎಲ್ಲವೂ ಈಲಿಂಗ್ ಚಿತ್ರದಿಂದ ಎತ್ತಿಕೊಂಡಂತೆ ಇದೆ. ಅವರಲ್ಲಿ ರೋನಿ ಬಿಗ್ಸ್ ಎಂಬವನು 1965ರಲ್ಲಿ ಸೆರೆಮನೆಯ ಗೋಡೆ ಹಾರಿ, ಕೊನೆಗೆ ಹಾಲೆಂಡನ ರಿಯೊ ನಗರಕ್ಕೇ ಹೋಗಿ ನೆಲೆಸಿದ. ಇಂಗ್ಲೆಂಡಿನ ಪತ್ರಿಕೆಗಳು ಈ ಕಳ್ಳರನ್ನು ಬಹಳ ಕಾಲ ಅರ್ಧ ವೀರರಂತೆ ಕಂಡವು. ಸಿನಿಮಾ ಕಲಿಸಿದ ಕಣ್ಣಿನಿಂದಲೇ ಜನ ಅವರನ್ನು ನೋಡಿದರು.

ಆದರೆ ಆ ಗಾಡಿಗೆ ಒಬ್ಬ ಚಾಲಕನಿದ್ದ. ಜ್ಯಾಕ್ ಮಿಲ್ಸ್ ಅವನ ಹೆಸರು. ಎಂಜಿನ್ ಹತ್ತಿ ಬಂದವರನ್ನು ತಡೆಯಲು ಹೋದಾಗ ಕಬ್ಬಿಣದ ಸಲಾಕೆಯಿಂದ ಅವನ ತಲೆಗೆ ಹೊಡೆದರು. ರಕ್ತ ಸುರಿಯುತ್ತಿದ್ದಂತೆಯೇ ಅವನ ಕೈಯಲ್ಲಿ ಗಾಡಿಯನ್ನು ಸೇತುವೆಯವರೆಗೆ ನಡೆಸಿಸಿದರು. ಅವನು ಮತ್ತೆ ಮೊದಲಿನಂತಾಗಲಿಲ್ಲ. 1970ರಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡ. ಕಳ್ಳರ ಹೆಸರು ಹೇಳಬಲ್ಲವರು ಇಂದಿಗೂ ಲೋಕದ ತುಂಬ ಇದ್ದಾರೆ. ಮಿಲ್ಸ್‌ನ ಹೆಸರು ನಮಗೂ, ನಮ್ಮ ಹಿರಿಯರ ಪ್ರಶ್ನೆಯನ್ನು ಬೆನ್ನಟ್ಟಿ ಹೋಗುವವರೆಗೆ, ತಿಳಿದಿರಲಿಲ್ಲ.

ಕಳವಿನ ಪ್ರಹಸನ ನಿಂತಿರುವುದು ಒಂದು ಮರೆವಿನ ಮೇಲೆ. ಸಂಸ್ಥೆಗೆ ನೋವಾಗುವುದಿಲ್ಲ ಎಂಬುದು ನಿಜ. ಆದರೆ ಸಂಸ್ಥೆ ಎಂದರೆ ಕಟ್ಟಡವಲ್ಲ. ಬೀಗಕ್ಕೆ ಮೊಹರು ಹಾಕಿದವನು, ಪೆಟ್ಟಿಗೆ ಎಣಿಸಿ ರುಜು ಮಾಡಿದವಳು, ಪಕ್ಕದ ಬೋಗಿಯಲ್ಲಿ ನಿದ್ದೆಗೆಟ್ಟು ಕೂತವನು, ಹೇರಿ ಇಳಿಸಿದ ಕೂಲಿ: ಕಳವಾದ ಮರುದಿನ ವಿಚಾರಣೆಯ ಬೆರಳು ಮೊದಲು ಮುಟ್ಟುವುದು ಇವರನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ತಪ್ಪಿತಸ್ಥನೊಬ್ಬನೇ ಅಲ್ಲ. ಸರ್ಕಾರಿ ಕಛೇರಿಯಲ್ಲಿ ಒಮ್ಮೆ ಲೆಕ್ಕ ತಪ್ಪಿದರೆ ನಿರಪರಾಧಿಯೂ ಅದನ್ನು ಮಾಡುತ್ತಾನೆ. ನಮ್ಮ ನಗದು ಗುಮಾಸ್ತರು ಆ ರಾತ್ರಿ ತಮ್ಮ ಜೇಬಿಗೆ ಕೈ ಹಾಕಿದ್ದು ಔದಾರ್ಯದಿಂದ ಮಾತ್ರವಲ್ಲ, ಆ ಭಯದಿಂದಲೂ ಹೌದು.

ಹಾಗೆಂದು ನಾವು ಈ ಚಿತ್ರಗಳನ್ನು ಬಿಟ್ಟವರಲ್ಲ. ಈಲಿಂಗಿನ ಉತ್ತಮ ಬರಹಗಾರರಿಗೆ ಈ ಮಾತು ತಿಳಿದಿತ್ತೆಂದೇ ಈಗ ಅನ್ನಿಸುತ್ತದೆ. ಅವರ ಕಳ್ಳರನ್ನು ಸೋಲಿಸುವುದು ಬಂದೂಕಲ್ಲ, ಕಾನೂನಲ್ಲ. ತಾನು ಕೊಂಡ ಆಟಿಕೆಯನ್ನು ಯಾವ ಬೆಲೆಗೂ ಹಿಂದಿರುಗಿಸಲೊಲ್ಲದ ಬಾಲಕಿ, ನಂಬರು ಬರೆದುಕೊಳ್ಳುವ ಹುಡುಗ, ಕದ್ದ ಹಣವನ್ನು ಹಿಂದಕ್ಕೆ ಕೊಡಲು ಠಾಣೆಗೆ ನಡೆಯುವ ಮುದುಕಿ. ಜಾಣರ ಲೆಕ್ಕದಲ್ಲಿ ಸಣ್ಣವರಿಗೆ ಜಾಗವಿರುವುದಿಲ್ಲ. ಅಲ್ಲಿಯೇ ಲೆಕ್ಕ ತಪ್ಪುತ್ತದೆ. ವಡ್ಡಾರಾಧನೆಯ ವಿದ್ಯುಚ್ಚೋರ ದೊಡ್ಡವನಾಗುವುದೂ ಹಾರ ಕದ್ದದ್ದರಿಂದಲ್ಲ. ಕಾವಲುಗಾರನ ತಲೆಗೆ ಸಂಚಕಾರ ಬಂದಾಗ ಮುಂದೆ ಬಂದು ನಿಂತದ್ದರಿಂದ.

ಈಚೆಗೆ ಎಗ್ಮೋರ್ ನಿಲ್ದಾಣಕ್ಕೆ ಊರಿನಿಂದ ಬರುವವರನ್ನು ಕರೆತರಲು ಬೆಳಗಿನ ಜಾವ ಹೋಗಿದ್ದೆವು. ಸೇಲಂ ಗಾಡಿ ಬಂದು ನಿಂತಿತು. ಪ್ರಯಾಣಿಕರೆಲ್ಲ ಇಳಿದುಹೋದ ಮೇಲೂ ಸಮವಸ್ತ್ರದ ಒಬ್ಬರು ಕೊನೆಯ ಬೋಗಿಯ ಬಾಗಿಲ ಬಳಿ ನಿಂತು, ಬೀಗವನ್ನು ಎಳೆದು ನೋಡಿ, ಮೊಹರನ್ನು ಟಾರ್ಚಿನಿಂದ ಪರೀಕ್ಷಿಸುತ್ತಿದ್ದರು. ಅದು ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕತ್ತೆತ್ತಿ, ಚಾವಣಿಯ ಕಡೆಗೂ ಟಾರ್ಚ್ ಬಿಟ್ಟರು.